ಎರಡು ಶಾಕ್ ಇದ್ದರೆ ಸೈಕಲ್ ಒಳ್ಳೆಯದೇ? ಮೆಟ್ರಿಯ ದಾರಿಗೆ ಯಾವುದು ಸರಿ, ನೋಡೋಣ

ಜೂನ್ ತಿಂಗಳು ಬಂತು, ಶಾಲೆ ಶುರುವಾಯಿತು ಎಂದರೆ ವಾಟ್ಸಾಪ್ ಗುಂಪುಗಳಲ್ಲಿ ಸೈಕಲ್ಲಿನ ಫೋಟೊಗಳೂ ಓಡಾಡಲು ಶುರು. ದಪ್ಪ ಟೈರು, ಮುಂದೆ ಶಾಕ್, ಸೀಟಿನ ಕೆಳಗೆ ಕೆಂಪು ಬಣ್ಣದ ದೊಡ್ಡ ಸ್ಪ್ರಿಂಗು. ಅದರ ಜೊತೆಗೆ ಬರುವ ಮಾತುಗಳೂ ಹೆಚ್ಚುಕಡಿಮೆ ಒಂದೇ ತರಹ: "ಡಬಲ್ ಶಾಕ್ ಸೈಕಲ್ ತಗೊಳ್ಳಿ, ಮಕ್ಕಳಿಗೆ ಬೆನ್ನು ನೋವು ಬರಲ್ಲ", "ಹಳ್ಳಿ ರಸ್ತೆಗೆ ಎರಡು ಶಾಕ್ ಬೇಕೇ ಬೇಕು", "ಒಂದು ಶಾಕ್ ಇರೋದು ಹಳೇ ಮಾಡೆಲ್ಲು".

ಕಂಪ್ಲಿ ತಾಲ್ಲೂಕಿನ ಮೆಟ್ರಿಯಂಥ ಊರಿನಲ್ಲಿ ಇದು ಬರೀ ಫ್ಯಾಷನ್ನಿನ ಪ್ರಶ್ನೆಯಲ್ಲ. ಹೈಸ್ಕೂಲಿಗೋ ಕಾಲೇಜಿಗೋ ಹೋಗುವ ಹುಡುಗ ಅಥವಾ ಹುಡುಗಿಗೆ ಅಪ್ಪ ಅಮ್ಮ ಕೂಲಿ ಹಣ ಕೂಡಿಟ್ಟು ಒಂದೇ ಸಲ ಸೈಕಲ್ ಕೊಡಿಸುತ್ತಾರೆ. ಅದು ನಾಲ್ಕೈದು ವರ್ಷ ಬಾಳಬೇಕು. ತಪ್ಪು ಸೈಕಲ್ ಬಂದರೆ ಆರೇ ತಿಂಗಳಲ್ಲಿ ಕೊಟ್ಟಿಗೆಯ ಮೂಲೆ ಸೇರುತ್ತದೆ. ಹಾಗಾಗಿ ಈ ಮಾತುಗಳನ್ನು ಒಂದೊಂದಾಗಿ ತೆಗೆದು ನೋಡೋಣ.

ಮೊದಲಿಗೆ ಚುಟುಕಾಗಿ ಉತ್ತರ

ಶಾಕ್‌ಗಳ ಸಂಖ್ಯೆ ನೋಡಿ ಸೈಕಲ್ಲಿನ ಗುಣ ಅಳೆಯಲು ಬರುವುದಿಲ್ಲ. ಹತ್ತು ಹದಿನೈದು ಸಾವಿರ ರೂಪಾಯಿಯ ಒಳಗೆ ಸಿಗುವ ಡಬಲ್ ಶಾಕ್ ಸೈಕಲ್ಲಿನಲ್ಲಿ ಹಿಂದಿನ ಶಾಕ್ ಬಹುಪಾಲು ತೂಕವಷ್ಟೇ. ಅದೇ ಹಣಕ್ಕೆ ಹಿಂಭಾಗ ಗಟ್ಟಿಯಾಗಿರುವ ಸೈಕಲ್ ಕೊಂಡರೆ ಹಗುರ, ಬಾಳಿಕೆ ಹೆಚ್ಚು, ರಿಪೇರಿ ಸುಲಭ. ನಿಜವಾದ, ಒಳ್ಳೆಯ ಎರಡು ಶಾಕಿನ ಸೈಕಲ್ಲುಗಳೂ ಇವೆ. ಅವು ಕೆಲಸ ಮಾಡುವ ಜಾಗವೂ ಬೇರೆ, ಬೆಲೆಯೂ ಬೇರೆ.

ಹಾರ್ಡ್‌ಟೇಲ್ ಅಂದರೇನು, ಫುಲ್ ಸಸ್ಪೆನ್ಷನ್ ಅಂದರೇನು?

ಗುಡ್ಡಗಾಡಿನ ಸೈಕಲ್ಲುಗಳಲ್ಲಿ, ಅಂದರೆ ಮೌಂಟನ್ ಬೈಕ್‌ಗಳಲ್ಲಿ, ಮುಖ್ಯವಾಗಿ ಎರಡು ಬಗೆ. ಮುಂದಿನ ಫೋರ್ಕಿನಲ್ಲಿ ಮಾತ್ರ ಶಾಕ್ ಇದ್ದು, ಹಿಂದೆ ಫ್ರೇಮು ಒಂದೇ ತುಂಡಾಗಿ ಗಟ್ಟಿಯಾಗಿದ್ದರೆ ಅದು ಹಾರ್ಡ್‌ಟೇಲ್. ಬಾಲ ಗಟ್ಟಿ ಎಂದೇ ಆ ಹೆಸರು. ಮುಂದೆಯೂ ಶಾಕ್ ಇದ್ದು, ಹಿಂದಿನ ಚಕ್ರ ಹಿಡಿದಿರುವ ಭಾಗ ಬೋಲ್ಟು, ಬೇರಿಂಗುಗಳ ಮೇಲೆ ಬಾಗಿಲಿನ ಕೀಲಿನಂತೆ ಆಡುತ್ತಿದ್ದು, ಅದಕ್ಕೂ ಒಂದು ಶಾಕ್ ಇದ್ದರೆ ಫುಲ್ ಸಸ್ಪೆನ್ಷನ್. ಇದನ್ನೇ ಅಂಗಡಿಯಲ್ಲಿ ಡಬಲ್ ಶಾಕ್ ಎನ್ನುವುದು.

ಮೌಂಟನ್ ಬೈಕ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮ್ಯಾರಿನ್ ಕೌಂಟಿಯಲ್ಲಿ, 1970ರ ದಶಕದಲ್ಲಿ. ಅಲ್ಲಿನ ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮೇಲೆ ಸಾಗಿಸಿ, ಮಣ್ಣಿನ ದಾರಿಯಲ್ಲಿ ಕೆಳಕ್ಕೆ ಓಡಿಸುವ ಪಂದ್ಯ ಆಡುತ್ತಿದ್ದರು. ಆ ಸೈಕಲ್ಲುಗಳಲ್ಲಿ ಒಂದು ಶಾಕೂ ಇರಲಿಲ್ಲ. ಮುಂದಿನ ಶಾಕ್ ಮಾರುಕಟ್ಟೆಯಲ್ಲಿ ಗಟ್ಟಿಯಾಗಿ ಕಾಲೂರಿದ್ದು 1989ರಲ್ಲಿ ರಾಕ್‌ಶಾಕ್ಸ್ ಕಂಪನಿ ತನ್ನ ಮೊದಲ ಫೋರ್ಕ್ ತಂದ ಮೇಲೆ. ಅಂದರೆ ಗುಡ್ಡದಲ್ಲಿ ಸೈಕಲ್ ಓಡಿಸಲು ಶಾಕ್ ಬೇಕೇ ಬೇಕು ಎಂಬ ಮಾತು ಚರಿತ್ರೆಗೇ ಹೊಂದುವುದಿಲ್ಲ.

ಮಾತು 1: "ಮೋಟಾರ್ ಸೈಕಲ್ಲಿಗೆ ಹಿಂದೆ ಮುಂದೆ ಶಾಕ್ ಇರುತ್ತೆ, ಸೈಕಲ್ಲಿಗೂ ಇರಬೇಕಲ್ಲ?"

ಕೇಳಲು ಸರಿ ಅನ್ನಿಸುತ್ತದೆ. ಆದರೆ ಎರಡರಲ್ಲೂ ತೂಕ ಇರುವ ಜಾಗ ಬೇರೆ. ಮೋಟಾರ್ ಸೈಕಲ್ ನೂರು ಕೆ.ಜಿ. ದಾಟುತ್ತದೆ, ಓಡಿಸುವವರಿಗಿಂತ ಅದೇ ಭಾರ. ತೆಗ್ಗು ಬಂದಾಗ ನಾವು ಎದ್ದು ನಿಂತರೂ ಗಾಡಿಯ ಭಾರ ಹಾಗೇ ಇರುತ್ತದೆ, ವೇಗವೂ ಹೆಚ್ಚು. ಅದಕ್ಕೆ ಎರಡೂ ಕಡೆ ಶಾಕ್ ಬೇಕು.

ಸೈಕಲ್ಲಿನಲ್ಲಿ ಲೆಕ್ಕ ತಲೆಕೆಳಗು. ಸೈಕಲ್ 15 ಕೆ.ಜಿ., ತುಳಿಯುವವರು 50 ಕೆ.ಜಿ. ಇಲ್ಲಿ ಭಾರವೂ ನಾವೇ, ಎಂಜಿನ್ನೂ ನಾವೇ. ತೆಗ್ಗು ಕಂಡಾಗ ಸೀಟಿನಿಂದ ಸ್ವಲ್ಪ ಎದ್ದು, ಮೊಣಕಾಲು ಮೊಣಕೈ ಸಡಿಲ ಬಿಟ್ಟರೆ ಸಾಕು. ಸೈಕಲ್ ಕೆಳಗೆ ಕುಣಿಯುತ್ತದೆ, ಮೈ ನೆಟ್ಟಗೆ ಸಾಗುತ್ತದೆ. ಕಾಲುಗಳೇ ಶಾಕ್ ಅಬ್ಸಾರ್ಬರ್. ಸೈಕಲ್ ಕಲಿತ ಎಲ್ಲ ಮಕ್ಕಳೂ ಹೇಳಿಕೊಡದೆಯೇ ಮಾಡುವ ಕೆಲಸ ಇದು.

ಇನ್ನೊಂದು ತೊಂದರೆಯೂ ಇದೆ. ಮೋಟಾರಿನ ಎಂಜಿನ್ ಒಂದೇ ಸಮನೆ ಎಳೆಯುತ್ತದೆ. ನಮ್ಮ ಕಾಲು ಹಾಗಲ್ಲ, ಒಂದೊಂದು ತುಳಿತಕ್ಕೂ ಭಾರ ಮೇಲೆ ಕೆಳಗೆ ಆಗುತ್ತದೆ. ಹಿಂದೆ ಮೆತ್ತಗಿನ ಸ್ಪ್ರಿಂಗ್ ಇದ್ದರೆ ಪ್ರತಿ ತುಳಿತಕ್ಕೂ ಅದು ಕುಗ್ಗಿ ಏಳುತ್ತದೆ. ಚಕ್ರಕ್ಕೆ ಹೋಗಬೇಕಾದ ಶಕ್ತಿಯಲ್ಲಿ ಒಂದಿಷ್ಟು ಸ್ಪ್ರಿಂಗಿನ ಕುಣಿತಕ್ಕೆ ಹೋಗುತ್ತದೆ. ದುಬಾರಿ ಸೈಕಲ್ಲುಗಳಲ್ಲಿ ಕೀಲುಗಳ ಜಾಗವನ್ನು ಲೆಕ್ಕಹಾಕಿ ಈ ಕುಣಿತ ಕಡಿಮೆ ಮಾಡಿರುತ್ತಾರೆ, ಬೇಡವಾದಾಗ ಶಾಕ್ ಬಿಗಿ ಮಾಡುವ ಸಣ್ಣ ಲಿವರ್ ಕೊಟ್ಟಿರುತ್ತಾರೆ. ಅಗ್ಗದ ಸೈಕಲ್ಲಿನಲ್ಲಿ ಇವೆರಡೂ ಸಾಮಾನ್ಯವಾಗಿ ಇರುವುದಿಲ್ಲ.

ಮಾತು 2: "ಸ್ಪ್ರಿಂಗ್ ಇದ್ದರೆ ಅದೇ ಶಾಕ್"

ಇಲ್ಲ. ಈ ಗೊಂದಲದಿಂದಲೇ ಹೆಚ್ಚು ಜನ ಹಣ ಕಳೆದುಕೊಳ್ಳುವುದು.

ನಿಜವಾದ ಶಾಕಿನಲ್ಲಿ ಎರಡು ಕೆಲಸ ನಡೆಯಬೇಕು. ಒಂದು, ಪೆಟ್ಟು ಬಿದ್ದಾಗ ಕುಗ್ಗುವುದು. ಇದನ್ನು ಸ್ಪ್ರಿಂಗ್ ಅಥವಾ ಒಳಗೆ ತುಂಬಿದ ಗಾಳಿ ಮಾಡುತ್ತದೆ. ಎರಡು, ಕುಗ್ಗಿದ್ದು ಒಮ್ಮೆಲೇ ಪುಟಿಯದಂತೆ ನಿಧಾನವಾಗಿ ಬಿಡುವುದು. ಇದನ್ನು ಒಳಗಿನ ಎಣ್ಣೆ ಮಾಡುತ್ತದೆ. ಸಣ್ಣ ತೂತುಗಳ ಮೂಲಕ ಎಣ್ಣೆ ಹಾಯುವಾಗ ಚಲನೆಗೆ ತಡೆ ಬೀಳುತ್ತದೆ, ಪೆಟ್ಟಿನ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ.

ಶಾಕಿನ ಎಣ್ಣೆ ಸೋರಿಹೋದ ಹಳೆಯ ಬೈಕಿನ ಹಿಂದೆ ಕೂತಿದ್ದೀರಾ? ಒಂದು ಹಂಪ್ ದಾಟಿದರೆ ಮೂರು ಸಲ ಎಗರುತ್ತದೆ. ಸ್ಪ್ರಿಂಗ್ ಅಲ್ಲೇ ಇದೆ, ಎಣ್ಣೆ ಇಲ್ಲ. ಅಗ್ಗದ ಡಬಲ್ ಶಾಕ್ ಸೈಕಲ್ಲುಗಳಲ್ಲಿ ಹಲವು ಹೊಸದಾಗಿದ್ದಾಗಲೇ ಈ ಸ್ಥಿತಿಯಲ್ಲಿರುತ್ತವೆ, ಏಕೆಂದರೆ ಅವುಗಳ ಹಿಂದಿನ ಶಾಕಿನಲ್ಲಿ ಇರುವುದು ಬರೀ ಸ್ಪ್ರಿಂಗು. ಇಳಿಜಾರಿನಲ್ಲಿ ಹೀಗೆ ಪುಟಿದರೆ ಹಿಂದಿನ ಚಕ್ರ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕ್ ಹಿಡಿದು ಪ್ರಯೋಜನವಿಲ್ಲ.

ಮೂರನೆಯದು, ಶಾಕನ್ನು ಸವಾರರ ತೂಕಕ್ಕೆ ಹೊಂದಿಸಬೇಕು. ನಾವು ಸೀಟಿನ ಮೇಲೆ ಕೂತಾಗ ಒಳ್ಳೆಯ ಶಾಕ್ ತನ್ನ ಒಟ್ಟು ಆಟದಲ್ಲಿ ಸುಮಾರು ಶೇ 20ರಿಂದ 30ರಷ್ಟು ಕುಗ್ಗಿರಬೇಕು. ಆಗ ಉಬ್ಬಿಗೆ ಕುಗ್ಗಲು, ತೆಗ್ಗಿಗೆ ಹಿಗ್ಗಲು ಎರಡಕ್ಕೂ ಜಾಗ ಇರುತ್ತದೆ. ಗಾಳಿ ಶಾಕ್ ಇದ್ದರೆ ಸಣ್ಣ ಪಂಪಿನಿಂದ ಇದನ್ನು ಹೊಂದಿಸಬಹುದು. ಅಗ್ಗದ ಸ್ಪ್ರಿಂಗಿನಲ್ಲಿ 40 ಕೆ.ಜಿ. ಹುಡುಗಿಗೂ 80 ಕೆ.ಜಿ. ಗಂಡಸಿಗೂ ಒಂದೇ ಬಿಗಿ. ಹುಡುಗಿ ಕೂತರೆ ಅದು ಅಲುಗುವುದೇ ಇಲ್ಲ. ಅಲುಗದ ಶಾಕ್ ಎಂದರೆ ಕಬ್ಬಿಣದ ಹೊರೆ.

ಮಾತು 3: "ಡಬಲ್ ಶಾಕ್ ಇದ್ದರೆ ಬೆನ್ನು ನೋವು ಬರಲ್ಲ"

ಒಳ್ಳೆಯ ಶಾಕ್ ಮೈಗೆ ಬರುವ ಪೆಟ್ಟನ್ನು ಕಡಿಮೆ ಮಾಡುತ್ತದೆ, ಅದು ನಿಜ. ಕಲ್ಲುದಾರಿಯಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ದಿನವೂ ಶಾಲೆಗೆ, ಕೆಲಸಕ್ಕೆ ಸೈಕಲ್ ತುಳಿಯುವವರಿಗೆ ಬೆನ್ನು ಹಿಡಿಯುವುದಕ್ಕೆ ಸಾಮಾನ್ಯ ಕಾರಣಗಳು ಬೇರೆ: ಸೀಟು ತೀರಾ ಕೆಳಗಿರುವುದು ಅಥವಾ ತೀರಾ ಮೇಲಿರುವುದು, ಫ್ರೇಮಿನ ಅಳತೆ ದೊಡ್ಡದಾಗಿ ಹ್ಯಾಂಡಲ್ ದೂರವಾಗಿರುವುದು, ಬೆನ್ನ ಮೇಲೆ ಭಾರದ ಶಾಲಾ ಚೀಲ.

"ಮುಂದೆ ಬೆಳೆಯುತ್ತಾನೆ, ದೊಡ್ಡ ಸೈಕಲ್ಲೇ ಇರಲಿ" ಎಂದು ಕೊಡಿಸುವ ರೂಢಿ ನಮ್ಮಲ್ಲಿದೆ. ಹಾಗೆ ಕೊಡಿಸಿದ ಸೈಕಲ್ಲಿನಲ್ಲಿ ಮಗು ಎರಡು ವರ್ಷ ಚಾಚಿಕೊಂಡು ಕೂರಬೇಕಾಗುತ್ತದೆ. ಇದಕ್ಕೆ ಯಾವ ಶಾಕೂ ಮದ್ದಲ್ಲ.

ಮನೆಯಲ್ಲೇ ಹೀಗೆ ನೋಡಿ. ಗೋಡೆ ಹಿಡಿದು ಸೀಟಿನ ಮೇಲೆ ಕೂರಿಸಿ, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗಿನ ತುದಿಗೆ ತನ್ನಿ. ಕಾಲು ಹೆಚ್ಚುಕಡಿಮೆ ನೇರವಾಗಬೇಕು. ಆಮೇಲೆ ಮುಂಗಾಲಿನಿಂದ ತುಳಿದಾಗ ಮೊಣಕಾಲು ಸ್ವಲ್ಪವೇ ಬಾಗಿರುತ್ತದೆ. ಸೊಂಟ ಅತ್ತಿತ್ತ ವಾಲಿದರೆ ಸೀಟು ಎತ್ತರ ಹೆಚ್ಚಾಯಿತು ಎಂದರ್ಥ. ಶಾಲಾ ಚೀಲ ಬೆನ್ನಿನಿಂದ ಇಳಿದು ಕ್ಯಾರಿಯರ್ ಮೇಲೆ ಹೋಗಲಿ. ಇಷ್ಟು ಮಾಡಲು ಒಂದು ಪಾನಾ ಸಾಕು.

ಹಾಗಿದ್ದೂ ನೋವು ವಾರಗಟ್ಟಲೆ ಉಳಿದರೆ, ಕಾಲಿಗೆ ಜೋಮು ಹಿಡಿದರೆ, ಕಾಲು ಬಲ ಕಳೆದುಕೊಂಡರೆ ಸೈಕಲ್ ಬದಲಿಸುತ್ತ ಕೂರಬೇಡಿ, ವೈದ್ಯರನ್ನು ಕಾಣಿ.

ಮಾತು 4: "ಚಾಂಪಿಯನ್ನುಗಳೆಲ್ಲ ಅದನ್ನೇ ಓಡಿಸೋದು"

ಅರ್ಧ ನಿಜ. ಮೌಂಟನ್ ಬೈಕ್ ಪಂದ್ಯ ಒಲಿಂಪಿಕ್ಸ್ ಸೇರಿದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಫ್ರಾನ್ಸಿನ ಜೂಲಿಯನ್ ಆಬ್ಸಲೋನ್ ಓಡಿಸಿದ್ದು ಹಾರ್ಡ್‌ಟೇಲ್. 2012ರಲ್ಲಿ ಲಂಡನ್‌ನಲ್ಲಿ ಗೆದ್ದ ಜೆಕ್ ಗಣರಾಜ್ಯದ ಯಾರೊಸ್ಲಾವ್ ಕುಲ್ಹಾವಿ ಓಡಿಸಿದ್ದು ಫುಲ್ ಸಸ್ಪೆನ್ಷನ್. ಈಗ ಪಂದ್ಯದ ದಾರಿಗಳು ಹೆಚ್ಚು ಕಲ್ಲು, ಹೆಚ್ಚು ಇಳಿಜಾರಿನವಾದ್ದರಿಂದ ಮೇಲಿನ ಮಟ್ಟದಲ್ಲಿ ಎರಡು ಶಾಕೇ ಹೆಚ್ಚು.

ಆದರೆ ಆ ಸೈಕಲ್ಲುಗಳ ಬೆಲೆ ಹಲವು ಲಕ್ಷ ರೂಪಾಯಿ, ಫ್ರೇಮು ಕಾರ್ಬನ್ನಿನದು, ತೂಕ ನಮ್ಮ ಅಂಗಡಿಯ ಅಗ್ಗದ ಡಬಲ್ ಶಾಕ್ ಸೈಕಲ್ಲಿನ ಸುಮಾರು ಅರ್ಧದಷ್ಟು. ನಮ್ಮ ದೇಶದಲ್ಲಿ ಕೆಲಸ ಸರಿಯಾಗಿ ಮಾಡುವ ಫುಲ್ ಸಸ್ಪೆನ್ಷನ್ ಸೈಕಲ್ ಬೇಕೆಂದರೆ ಒಂದು ಲಕ್ಷ ರೂಪಾಯಿಗಿಂತ ಮೇಲೆಯೇ ಹೋಗಬೇಕು. ಬೆಲೆ ಹತ್ತು ಪಟ್ಟು ಬೇರೆ ಇರುವಾಗ ಹೆಸರು ಒಂದೇ ಎಂದು ಎರಡೂ ಒಂದೇ ಆಗುವುದಿಲ್ಲ.

ತೂಕದ ಲೆಕ್ಕ

ಅಗ್ಗದ ಡಬಲ್ ಶಾಕ್ ಸೈಕಲ್ಲು 18–19 ಕೆ.ಜಿ. ತೂಗುವುದು ಸಾಮಾನ್ಯ. ಅಲ್ಯೂಮಿನಿಯಂ ಫ್ರೇಮಿನ ಸಾಧಾರಣ ಹಾರ್ಡ್‌ಟೇಲ್ 14 ಕೆ.ಜಿ. ಆಸುಪಾಸು. ಸವಾರರ ತೂಕ 55 ಕೆ.ಜಿ. ಎಂದಿಟ್ಟುಕೊಳ್ಳಿ. ಹಾರ್ಡ್‌ಟೇಲ್ ಆದರೆ ಒಟ್ಟು 69, ಡಬಲ್ ಶಾಕ್ ಆದರೆ ಒಟ್ಟು 74. ಏರು ಹತ್ತುವಾಗ ಪ್ರತಿ ಮೀಟರಿಗೂ ಶೇ 7ರಷ್ಟು ಹೆಚ್ಚು ದುಡಿಮೆ. ಸ್ಪ್ರಿಂಗಿನ ಕುಣಿತದಲ್ಲಿ ಹೋಗುವ ಶಕ್ತಿ ಬೇರೆ. ಸಮತಟ್ಟಾದ ರಸ್ತೆಯಲ್ಲಿ ಈ ಐದು ಕೆ.ಜಿ. ಅಷ್ಟಾಗಿ ಗೊತ್ತಾಗುವುದಿಲ್ಲ, ಅದನ್ನೂ ಹೇಳಬೇಕು. ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಏರಿನಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ.

ಈಗ ನಮ್ಮ ದಾರಿಗಳನ್ನೇ ನೋಡೋಣ

ಮೆಟ್ರಿ, ಕಂಪ್ಲಿ, ಹೊಸಪೇಟೆ, ಸಂಡೂರು ಸುತ್ತ ಸೈಕಲ್ ಓಡುವ ದಾರಿ ಎಂಥವು?

ಹೆಚ್ಚಿನ ಓಡಾಟ ಡಾಂಬರು ರಸ್ತೆಯಲ್ಲಿ. ಅಲ್ಲಲ್ಲಿ ಕಿತ್ತುಹೋಗಿರಬಹುದು, ಆದರೂ ಅದು ಡಾಂಬರೇ. ಇಲ್ಲಿ ಹಿಂದಿನ ಶಾಕಿಗೆ ಕೆಲಸವಿಲ್ಲ.

ತುಂಗಭದ್ರಾ ಕಾಲುವೆಗಳ ಏರಿಯ ಮೇಲಿನ ಮಣ್ಣುದಾರಿ, ಹೊಲದ ಬಂಡಿದಾರಿ. ಇಲ್ಲಿ ಉಬ್ಬುತಗ್ಗು ಇದೆ, ಆದರೆ ನಮ್ಮ ವೇಗ ಕಡಿಮೆ. ದಪ್ಪ ಟೈರು ಮತ್ತು ಮುಂದಿನ ಒಂದು ಶಾಕ್ ಧಾರಾಳ. ಮಳೆ ಬಂದರೆ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ ನಿಂತೇಬಿಡುತ್ತದೆ. ಆಗ ಬೇಕಾದದ್ದು ಚಕ್ರಕ್ಕೂ ಫ್ರೇಮಿಗೂ ನಡುವೆ ಬಿಡುವು ಜಾಗ. ಹಿಂದಿನ ಕೀಲುಗಳಿಗೆ ಆ ಮಣ್ಣು ಸೇರಿ ಒಣಗಿದರೆ ಉಜ್ಜುಕಾಗದದಂತೆ ಬುಷ್ ತಿನ್ನುತ್ತದೆ.

ಸಂಡೂರಿನ ಕಡೆ ಅದಿರು ಲಾರಿಗಳು ಓಡುವ ರಸ್ತೆಗಳು. ಅಲ್ಲಿ ಕೆಂಪು ಧೂಳು ಬೇರಿಂಗಿಗೆ ಶತ್ರು, ಲಾರಿ ಜೀವಕ್ಕೆ ಶತ್ರು. ಉಳಿದ ಹಣದಲ್ಲಿ ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್, ತಲೆಗೆ ಹೆಲ್ಮೆಟ್ ಬಂದರೆ ಅದು ಎರಡನೇ ಶಾಕಿಗಿಂತ ಸಾವಿರ ಪಾಲು ಮೇಲು.

ಇನ್ನು ಮುಳ್ಳು. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ದಾರಿಯ ಎರಡೂ ಬದಿಗೆ ಬೆಳೆದಿರುತ್ತದೆ. ಅದರ ಮುಳ್ಳಿಗೆ ಸೈಕಲ್ಲಿನಲ್ಲಿ ಎಷ್ಟು ಶಾಕ್ ಇದೆ ಎಂಬುದು ಲೆಕ್ಕಕ್ಕಿಲ್ಲ. ಗಟ್ಟಿ ಟೈರು, ಒಂದು ಸ್ಪೇರ್ ಟ್ಯೂಬು, ಸಣ್ಣ ಪಂಪು, ಪಂಚರ್ ಹಾಕಲು ಬರುವ ಕೈ ಇದ್ದರೆ ದಾರಿಯಲ್ಲಿ ಸೈಕಲ್ ತಳ್ಳುವ ಗೋಜಿಲ್ಲ.

ಹಂಪಿಯ ಬಂಡೆಗಳು ಬೇರೆಯದೇ ಮಾತು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು, ಮಳೆ ಬಿಸಿಲಿಗೆ ದುಂಡಗಾದ ಗುಂಡುಗಳು, ಜಾರುವ ಚಪ್ಪಡಿಗಳು. ಇಂಥ ಕಲ್ಲುನೆಲದಲ್ಲಿ ವೇಗವಾಗಿ ಇಳಿಯುವುದಾದರೆ ಒಳ್ಳೆಯ ಫುಲ್ ಸಸ್ಪೆನ್ಷನ್‌ಗೆ ನಿಜವಾಗಿಯೂ ಬೆಲೆ ಇದೆ. ಹಿಂದಿನ ಚಕ್ರ ಕಲ್ಲಿನ ಮೇಲೆ ಎಗರದೆ ಅಂಟಿಕೊಂಡು ಉರುಳುತ್ತದೆ, ಹಿಡಿತ ತಪ್ಪುವುದಿಲ್ಲ. ಆದರೆ ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಸ್ಮಾರಕಗಳ ಮೆಟ್ಟಿಲು, ಕಟ್ಟೆಗಳ ಮೇಲಿಂದ ಸೈಕಲ್ ಇಳಿಸುವುದು ಸಾಹಸವಲ್ಲ, ಹಾಳುಗೆಡವುವ ಕೆಲಸ. ದರೋಜಿ ಕಾಡಿನ ಕಡೆಯೂ ಅಷ್ಟೆ. ಅದು ಕರಡಿಗಳ ಧಾಮ, ಸೈಕಲ್ ಮೈದಾನವಲ್ಲ. ಹಂಪಿ ನೋಡಲು ಬಂದವರು ಬಾಡಿಗೆ ಸೈಕಲ್ಲಿನಲ್ಲಿ ಗುಡಿಯಿಂದ ಗುಡಿಗೆ ಸುತ್ತುವುದಕ್ಕೆ ಶಾಕೇ ಇಲ್ಲದ ಸೈಕಲ್ಲೂ ಸಾಕು.

ಮರೆತೇ ಹೋದ ಶಾಕ್: ಟೈರಿನ ಗಾಳಿ

1888ರಲ್ಲಿ ಬೆಲ್‌ಫಾಸ್ಟ್ ಊರಿನಲ್ಲಿ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಟೈರು ಕಟ್ಟಿದ. ಗಟ್ಟಿ ಚಕ್ರದಲ್ಲಿ ಕಲ್ಲು ಹಾಸಿದ ದಾರಿಯ ಮೇಲೆ ಹುಡುಗನಿಗೆ ಕುಲುಕಾಟ ತಡೆಯಲಾಗುತ್ತಿರಲಿಲ್ಲ. ಸೈಕಲ್ಲಿನ ಮೊದಲ ದೊಡ್ಡ ಶಾಕ್ ಅದೇ, ಈಗಲೂ ಎಲ್ಲಕ್ಕಿಂತ ಅಗ್ಗದ ಶಾಕ್ ಅದೇ.

ಎಷ್ಟೋ ಜನ ಪಂಚರ್ ಅಂಗಡಿಯಲ್ಲಿ ಟೈರು ಕಲ್ಲಿನಂತಾಗುವವರೆಗೆ ಗಾಳಿ ಹೊಡೆಸಿ, ಆಮೇಲೆ ಸೈಕಲ್ ಕುಲುಕುತ್ತದೆ ಎನ್ನುತ್ತಾರೆ. ಟೈರಿನ ಪಕ್ಕದ ಗೋಡೆಯ ಮೇಲೆ ಎಷ್ಟರಿಂದ ಎಷ್ಟು ಪಿಎಸ್‌ಐ ಗಾಳಿ ಇರಬೇಕೆಂದು ಅಚ್ಚು ಹಾಕಿರುತ್ತಾರೆ. ಮಣ್ಣುದಾರಿಗೆ ಆ ಮಿತಿಯ ಕೆಳಗಿನ ತುದಿಯ ಕಡೆ, ಡಾಂಬರಿಗೆ ಮೇಲಿನ ತುದಿಯ ಕಡೆ ಇರಲಿ. ಹಗುರ ಸವಾರರಿಗೆ ಕಡಿಮೆ, ಭಾರದವರಿಗೆ ಹೆಚ್ಚು. ಬರೆದಿರುವುದಕ್ಕಿಂತ ಕೆಳಗೆ ಇಳಿಸಬೇಡಿ. ಕಲ್ಲಿಗೆ ಬಡಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ.

ಕ್ಯಾರಿಯರ್ ಮತ್ತು ರಿಪೇರಿ

ಊರಲ್ಲಿ ಸೈಕಲ್ ಬರೀ ಸವಾರಿಗಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ರೇಷನ್ ಅಕ್ಕಿ, ತಂಗಿ, ಎಲ್ಲಕ್ಕೂ ಕ್ಯಾರಿಯರ್ ಬೇಕು. ಹಿಂಭಾಗ ಆಡುವ ಸೈಕಲ್ಲಿಗೆ ಸಾಮಾನ್ಯ ಕ್ಯಾರಿಯರ್ ಕೂರುವುದಿಲ್ಲ. ಹೇಗೋ ಬಿಗಿದರೂ ಭಾರಕ್ಕೆ ಕೀಲು ಸಡಿಲವಾಗುತ್ತದೆ. ಹಾರ್ಡ್‌ಟೇಲಿನಲ್ಲೂ ಎಲ್ಲದಕ್ಕೂ ಕ್ಯಾರಿಯರಿನ ತೂತುಗಳಿರುವುದಿಲ್ಲ, ನೋಡಿ ಕೊಳ್ಳಿ.

ಒಳ್ಳೆಯ ಶಾಕ್‌ಗಳನ್ನು ತಯಾರಕರು ಹೇಳಿದಂತೆ, ಬಗೆಯನ್ನು ನೋಡಿಕೊಂಡು ಸುಮಾರು 50ರಿಂದ 200 ಗಂಟೆ ಸವಾರಿಗೊಮ್ಮೆ ಬಿಚ್ಚಿ ಸೀಲು, ಎಣ್ಣೆ ಬದಲಿಸಬೇಕು. ಆ ಕೆಲಸ ಬಲ್ಲವರು ಹೆಚ್ಚಾಗಿ ದೊಡ್ಡ ನಗರಗಳಲ್ಲಿ ಸಿಗುತ್ತಾರೆ. ಹಾರ್ಡ್‌ಟೇಲಿನ ಹಿಂಭಾಗಕ್ಕೆ ಬೇಕಾದದ್ದು ಚೈನಿಗೆ ಎಣ್ಣೆ, ಬ್ರೇಕ್ ಹೊಂದಿಕೆ, ಬೇರಿಂಗಿಗೆ ಗ್ರೀಸು. ಇದು ನಮ್ಮೂರ ಸೈಕಲ್ ಶಾಪಿನಲ್ಲೇ ಆಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಶಾಲೆ, ಕಾಲೇಜು, ಕೆಲಸ, ಹೊಲ ಎಂದು ದಿನವೂ ಓಡಾಡುವವರಿಗೆ: ಹಾರ್ಡ್‌ಟೇಲ್, ಇಲ್ಲವೇ ಶಾಕೇ ಇಲ್ಲದ ಸೈಕಲ್. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿದಾಗ ಕೊಟ್ಟಿದ್ದು ಸಾದಾ ಸೈಕಲ್ಲುಗಳನ್ನೇ. ಲಕ್ಷಾಂತರ ಮಕ್ಕಳು ಅವುಗಳ ಮೇಲೆಯೇ ಹಳ್ಳಿಯ ರಸ್ತೆಗಳಲ್ಲಿ ಹೈಸ್ಕೂಲಿಗೆ ಹೋಗಿ ಬಂದರು.

ವಾರಾಂತ್ಯಕ್ಕೆ ಗುಡ್ಡ, ಮಣ್ಣುದಾರಿ ಸುತ್ತುವ ಹವ್ಯಾಸದವರಿಗೆ, ಪಂದ್ಯ ಕಲಿಯುವವರಿಗೆ: ಒಳ್ಳೆಯ ಹಾರ್ಡ್‌ಟೇಲ್. ದಾರಿ ಆರಿಸುವುದು, ಮೈ ಸಡಿಲ ಬಿಡುವುದು ಇದರಲ್ಲಿ ಚೆನ್ನಾಗಿ ಕಲಿಯಬಹುದು.

ಕಲ್ಲು ತುಂಬಿದ ಇಳಿಜಾರಿನಲ್ಲಿ ವೇಗವಾಗಿ ಓಡಿಸುವವರಿಗೆ, ಬಿಡದೆ ಅಭ್ಯಾಸ ಮಾಡುವವರಿಗೆ, ಲಕ್ಷದ ಮೇಲೆ ಖರ್ಚು ಮಾಡಿ ಸರ್ವೀಸಿಗೂ ಹಣ ಇಡಬಲ್ಲವರಿಗೆ: ಫುಲ್ ಸಸ್ಪೆನ್ಷನ್.

ಅಂಗಡಿಯಲ್ಲಿ ಐದು ನಿಮಿಷದ ಪರೀಕ್ಷೆ

1. ಸೈಕಲ್ಲನ್ನು ಕೈಯಲ್ಲಿ ಎತ್ತಿ ನೋಡಿ. ಓಡಿಸುವ ಮಗುವೂ ಎತ್ತಲಿ.

2. ಸೀಟಿನ ಮೇಲೆ ಭಾರ ಬಿಟ್ಟು ತಟ್ಟನೆ ಕೈ ತೆಗೆಯಿರಿ. ಶಾಕ್ ಪುಟಪುಟನೆ ಎಗರಿದರೆ ಒಳಗೆ ಬರೀ ಸ್ಪ್ರಿಂಗು.

3. ಫ್ರೇಮು ಹಿಡಿದು ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲುಗಾಡಿಸಿ. ಹೊಸ ಸೈಕಲ್ಲಿನಲ್ಲೇ ಕೀಲು ಆಡಿದರೆ ಬೇಡ.

4. ಸೀಟಿನ ಮುಂದೆ ಎರಡೂ ಪಾದ ನೆಲಕ್ಕೆ ಊರಿ ನಿಲ್ಲಲಿ. ಮೇಲಿನ ಪೈಪಿಗೂ ಮೈಗೂ ನಡುವೆ ಎರಡು ಮೂರು ಬೆರಳಿನಷ್ಟಾದರೂ ಜಾಗ ಇರಬೇಕು.

5. ಎರಡೂ ಬ್ರೇಕ್ ಬೇರೆ ಬೇರೆ ಹಿಡಿದು ತಳ್ಳಿ ನೋಡಿ. ಚಕ್ರ ನಿಲ್ಲಬೇಕು.

6. ಜೊತೆಗೆ ಬರುವ ಕೈಪಿಡಿ ಓದಿ. ಮೌಂಟನ್ ಬೈಕಿನಂತೆ ಕಾಣುವ ಕೆಲವು ಅಗ್ಗದ ಸೈಕಲ್ಲುಗಳ ಕೈಪಿಡಿಯಲ್ಲೇ ಇದನ್ನು ಗುಡ್ಡಗಾಡಿನ ದಾರಿಯಲ್ಲಿ, ಜಿಗಿತಕ್ಕೆ ಬಳಸಬಾರದು ಎಂದು ಬರೆದಿರುತ್ತದೆ.

ಡಬಲ್ ಶಾಕ್ ಸೈಕಲ್ ಈಗಾಗಲೇ ಕೊಂಡಾಗಿದ್ದರೆ ಬೇಸರ ಬೇಡ, ಮಗುವನ್ನು ಬೈಯುವುದೂ ಬೇಡ. ಟೈರಿನ ಗಾಳಿ, ಸೀಟಿನ ಎತ್ತರ ಸರಿಮಾಡಿ. ಹಿಂದಿನ ಕೀಲಿನ ಬೋಲ್ಟುಗಳನ್ನು ತಿಂಗಳಿಗೊಮ್ಮೆ ಬಿಗಿ ಇದೆಯೇ ನೋಡಿ, ಸ್ಪ್ರಿಂಗಿನ ಬಿಗಿ ತಿರುಗಿಸಲು ಬಂದರೆ ಸವಾರರ ತೂಕಕ್ಕೆ ಹೊಂದಿಸಿ. ಅದರಿಂದ ಜಿಗಿಯುವುದು, ಕಡಿದಾದ ಇಳಿಜಾರಿನಲ್ಲಿ ಓಡಿಸುವುದು ಮಾತ್ರ ಬೇಡ.

ಮುಂದಿನ ಸಲ ಕೆಂಪು ಸ್ಪ್ರಿಂಗಿನ ಫೋಟೊ ಗುಂಪಿಗೆ ಬಂದಾಗ ಒಂದೇ ಪ್ರಶ್ನೆ ಕೇಳಿ: "ಇದರ ತೂಕ ಎಷ್ಟು, ಒಳಗೆ ಎಣ್ಣೆ ಇದೆಯಾ?" ಉತ್ತರ ಬರದಿದ್ದರೆ, ಆ ಫೋಟೊ ಮುಂದೆ ಕಳಿಸುವ ಬದಲು ಈ ಬರಹ ಕಳಿಸಿ. ಅಷ್ಟರಲ್ಲಿ ಯಾರೋ ಒಬ್ಬರು ಸೈಕಲ್ ಅಂಗಡಿಯ ಬಾಗಿಲಲ್ಲಿ ನಿಂತಿರಬಹುದು.